ದೊಡ್ಡಪ್ಪನ ಬೆಕ್ಕಿನ ವೈದ್ಯ

ನಮ್ಮ ದೊಡ್ಡಪ್ಪ ಪುಣೆಯ ಲಷ್ಕರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಸಾಹೇಬನ ಮುಂದೆ ತುಟಿ ಬಿಚ್ಚದ ಮನುಷ್ಯ ಮನೆಯ ಹೊಸ್ತಿಲು ದಾಟಿದೊಡನೆ ಸಕಲ ಶಾಸ್ತ್ರಗಳ ಪಂಡಿತರಾಗುತ್ತಿದ್ದರು. ಮಳೆ, ಮದುವೆ, ಮಲಬದ್ಧತೆ, ಯಾವುದಕ್ಕೂ ಅವರಲ್ಲಿ ಉತ್ತರ ಸಿದ್ಧ. ನನ್ನ ಅಪ್ಪ ಅಣ್ಣನೆದುರು ತಲೆಯೆತ್ತುವವರಲ್ಲ. ಅವ್ವ ಭಾವನೊಡನೆ ಮಾತೇ ಆಡುತ್ತಿರಲಿಲ್ಲ. ಆಗಿನ ರೀತಿಯೇ ಹಾಗಿತ್ತು. ಹೀಗಾಗಿ ನನ್ನ ತಮ್ಮನ ಉಬ್ಬಸ ದೊಡ್ಡಪ್ಪನ ಕೈಗೆ ಸಿಕ್ಕಿತು.

ತಮ್ಮನಿಗೆ ಆಗಷ್ಟೇ ಮುಂಜಿಯಾಗಿತ್ತು. ಮನೆಯ ಬೆಕ್ಕು ಹತ್ತಿರ ಬಂದರೆ ಸೀನು, ಕಣ್ಣಲ್ಲಿ ನೀರು, ಆಮೇಲೆ ಎದೆಯೊಳಗೆ ಸುಂಯ್ ಎನ್ನುವ ಸದ್ದು. ಇಲಿ ಹಿಡಿಯುವ ಬೆಕ್ಕನ್ನು ಓಡಿಸೋಣವೆಂದರೆ ಊರಲ್ಲಿ ಪ್ಲೇಗಿನ ಹೆದರಿಕೆ. ಇಲಿ ಸತ್ತು ಬಿದ್ದ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡವರನ್ನು ನಾವೆಲ್ಲ ಕಂಡಿದ್ದೆವು.

"ಹಾಡ್ತಾ ಹಾಡ್ತಾ ರಾಗ," ಎಂದರು ದೊಡ್ಡಪ್ಪ. "ದಿನಾ ಸ್ವಲ್ಪ ಸ್ವಲ್ಪ ಬೆಕ್ಕಿನ ಜೋಡಿ ಕೂಡ್ಸಿ ರೂಢಿ ಮಾಡಿಸಿದ್ರ ಉಬ್ಬಸ ತಾನ ಹೋಗ್ತದ."

ನರಳ್ತಾ ನರಳ್ತಾ ರೋಗ ಎಂಬ ಉಳಿದರ್ಧ ಪಂಡಿತರ ನೆನಪಿಗೆ ಬರಲಿಲ್ಲ.

ಸಂಜೆ ಕಚೇರಿಯಿಂದ ಬಂದು ಕೋಟು ಕಳಚುವುದೇ ತಡ, ಪಾಠ ಶುರು. ಮೊದಮೊದಲು ಬೆಕ್ಕು ಹೊಸ್ತಿಲಲ್ಲಿ, ತಮ್ಮ ದೂರದ ಗೋಡೆಗೊರಗಿ. ಕೆಲವು ದಿನ ಕಳೆದು ಬೆಕ್ಕು ನಡುಮನೆಗೆ ಬಂತು, ಆಮೇಲೆ ಕೈಗೆಟುಕುವಷ್ಟು ಹತ್ತಿರಕ್ಕೆ. ಪಾಠ ಮುಗಿದೊಡನೆ ಹುಡುಗನ ಕೈಕಾಲು ತೊಳೆಸಿ ಊಟಕ್ಕೆ ಕಳಿಸುತ್ತಿದ್ದರು. ಪ್ರಮಾಣ ಮೀರಬಾರದಂತೆ! ಆ ಹುಡುಗ ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. "ರೋಗ ಹೊರಗ ಬೀಳ್ಲಿಕ್ಕತ್ತದ, ಛಲೋ ಲಕ್ಷಣ," ಎಂದು ದೊಡ್ಡಪ್ಪ ಅನ್ನಕ್ಕೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಊಟಕ್ಕೆ ತಮ್ಮ ಉಡುತ್ತಿದ್ದದ್ದು ಅಜ್ಜಿಯ ಹಳೆಯ ಧಾಬಳಿಯ ತುಂಡು, ಮಡಿಯ ಉಣ್ಣೆಬಟ್ಟೆ. ಹತ್ತಿಬಟ್ಟೆಯಾದರೆ ದಿನಾ ಒಗೆದು ಯಾರೂ ಮುಟ್ಟದ ಹಾಗೆ ಒಣಗಿಸಬೇಕು. ಉಣ್ಣೆಗೆ ಆ ಕಾಟವಿಲ್ಲ. ವರ್ಷಗಟ್ಟಲೆ ನೀರು ಕಾಣದಿದ್ದರೂ ಅದು ಮಡಿಯೇ. ನಾವು ಮಕ್ಕಳು ಮುಟ್ಟಿದರೆ ಅಜ್ಜಿಯ ಮಡಿ ಕೆಡುತ್ತಿತ್ತು, ಬೆಕ್ಕು ಮುಟ್ಟಿದರೆ ಕೆಡುತ್ತಿರಲಿಲ್ಲ. ಹಾಗಾಗಿ ಇಡೀ ಮಧ್ಯಾಹ್ನ ಬೆಕ್ಕು ಅಡುಗೆಮನೆಯ ಮೂಲೆಯಲ್ಲಿ ಆ ಧಾಬಳಿಯ ಮೇಲೆಯೇ ಹಾಯಾಗಿ ಮಲಗುತ್ತಿತ್ತು. ಎಲ್ಲರೂ ನೋಡುತ್ತಿದ್ದೆವು. ಮಡಿಬಟ್ಟೆಯಲ್ಲಿ ಕೇಡಿದ್ದೀತೆಂದು ಆ ಮನೆಯಲ್ಲಿ ಯಾರಿಗೆ ಹೊಳೆಯಬೇಕು? ಕೆಲವು ಮಕ್ಕಳಿಗೆ ರೂಢಿಯಾಗಿ ಗುಣವಾಗುತ್ತದೆಂದು ಹೇಳುವವರನ್ನು ಆಮೇಲೆಯೂ ಕೇಳಿದ್ದೇನೆ. ಆಗುತ್ತದೋ ಏನೋ. ಆದರೆ ಸ್ವಲ್ಪ ಸ್ವಲ್ಪ ಎನ್ನುವವನಿಗೆ ಮಗುವಿಗೆ ಎಷ್ಟು ತಗಲುತ್ತಿದೆ ಎನ್ನುವುದಾದರೂ ಗೊತ್ತಿರಬೇಡವೇ?

ಒಂದು ಸಂಜೆ ಎಲೆಯ ಮುಂದೆಯೇ ತಮ್ಮನ ತುಟಿ ನೀಲಿಗಟ್ಟಿತು. ದೊಡ್ಡಪ್ಪ "ನೀರ ಕುಡಿ, ನೀರ ಕುಡಿ" ಎನ್ನುತ್ತ ಕೂತೇ ಇದ್ದರು. ಅವ್ವ ಆಗ ತಿಂಗಳ ಮೂರು ದಿನ ಹೊರಗೆ ಕೂತಿದ್ದಳು, ಯಾರನ್ನೂ ಮುಟ್ಟುವಂತಿರಲಿಲ್ಲ. ಅಂಥವಳು ಪಂಕ್ತಿಯ ನಡುವೆ ನುಗ್ಗಿ, ಧಾಬಳಿ ಕಿತ್ತೆಸೆದು, ಮಗನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಗಾಳಿಗೆ ಹುಡುಗ ಸುಧಾರಿಸಿಕೊಂಡ. ಒಳಗೆ ಅಜ್ಜಿ ಎದೆ ಬಡಿದುಕೊಂಡು ಅಳುತ್ತಿದ್ದಳು, ಮೊಮ್ಮಗನ ಉಸಿರಿಗಲ್ಲ, ಕೆಟ್ಟ ಮಡಿಗೆ.

ಮರುದಿನ ಧಾಬಳಿಯನ್ನು ಕುದಿಯುವ ನೀರಿಗೆ ಹಾಕಿದರು. ತೇಲಿಬಂದ ಬೆಕ್ಕಿನ ಕೂದಲನ್ನು ಕೋಲಿನಿಂದ ತೆಗೆದವಳು ನಾನು, ಬೊಗಸೆ ತುಂಬುವಷ್ಟಿತ್ತು. ಅಷ್ಟು ಒಗೆದರೂ ಅಜ್ಜಿಗೆ ಅದು ಒಲ್ಲದಾಯಿತು. ತಮ್ಮನಿಗೆ ಊಟಕ್ಕೆ ಉಡಲು ರೇಷ್ಮೆಯ ಮುಗುಟ ಬಂತು, ಅದನ್ನು ಬೆಕ್ಕಿಗೆಟುಕದ ಗಳುವಿನ ಮೇಲೆ ಹಾಕುತ್ತಿದ್ದರು. ಹೆದರಿದ ದೊಡ್ಡಪ್ಪ ಪಾಠವನ್ನೂ ನಿಲ್ಲಿಸಿದರು. ಕೆಲವೇ ವಾರಗಳಲ್ಲಿ ಹುಡುಗ ನಿರಾಳವಾಗಿ ಉಣ್ಣತೊಡಗಿದ.

ಕೂದಲಿನ ಸಂಗತಿ ನಾನು ದೊಡ್ಡಪ್ಪನಿಗೆ ಹೇಳಿದೆ. "ನಾಲ್ಕನೇ ಇಯತ್ತೆ ಓದಿ ಡಾಕ್ಟರ್ ಆದಿ ಏನ? ಸುಮ್ಮ ಹೋಗ," ಎಂದರು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದ ಮುದುಕಿಯ ಹಾಗೆ ಪೇಠೆಯ ತುಂಬ ತಮ್ಮ ವೈದ್ಯದಿಂದಲೇ ಹುಡುಗ ಗುಣವಾದನೆಂದು ಸಾರಿದರು, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಕೇಳಿ ಕೇಳಿ ತಮ್ಮನೂ ನಂಬಿದ.

ದೀಪಾವಳಿಯ ಫರಾಳಕ್ಕೆ ಕಚೇರಿಯ ಗೆಳೆಯರು ಬಂದಿದ್ದರು. ಚಕ್ಕಲಿ ಮುರಿಯುತ್ತ ದೊಡ್ಡಪ್ಪ ತಮ್ಮನನ್ನು ಕರೆದರು, ಎಲ್ಲರೆದುರು ಬೆಕ್ಕನ್ನು ಅವನ ಮಡಿಲಿಗೆ ಹಾಕಿದರು. "ಅಪ್ಪಿಕೋ, ತೋರ್ಸು ಇವ್ರಿಗೆ." ಹುಡುಗ ಹೆಮ್ಮೆಯಿಂದ ಅದರ ಬೆನ್ನಿಗೆ ಮುಖ ಒತ್ತಿದ. ಸ್ವಲ್ಪ ಹೊತ್ತಿಗೇ ಅವನ ಎದೆ ತಿದಿಯ ಹಾಗೆ ಏರಿಳಿಯಿತು, ಮಾತು ನಿಂತಿತು. "ಹೆದರ್ಯಾನಷ್ಟ," ಎಂದು ದೊಡ್ಡಪ್ಪ ಗೆಳೆಯರತ್ತ ನಕ್ಕರು.

ಅವ್ವ ಅಡುಗೆಮನೆಯಿಂದ ಬಂದು ಮಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ನಾನು ಹುಟ್ಟಿದಂದಿನಿಂದ ಮೊದಲ ಸಲ ಅವಳು ಭಾವನೊಡನೆ ಮಾತಾಡಿದ್ದನ್ನು ಕೇಳಿದೆ. "ಈ ಮನ್ಯಾಗ ಇನ್ನ ಬೆಕ್ಕು ಇರ್ತದೋ, ನನ್ನ ಮಗ ಇರ್ತಾನೋ, ಹೇಳಿಬಿಡ್ರಿ."

ದೊಡ್ಡಪ್ಪ ಬೆಕ್ಕನ್ನು ನೋಡಿದರು, ಗೆಳೆಯರನ್ನು ನೋಡಿದರು, ಮೀಸೆಯ ಮೇಲೆ ಕೈಯಾಡಿಸಿದರು. ಕಡೆಗೆ ಬೆಕ್ಕೇ ಹೋಯಿತು, ನಿಜ. ಆದರೆ ಉತ್ತರ ಕೊಡುವ ಮೊದಲು ಆ ಮನುಷ್ಯ ಯೋಚಿಸಿದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.