ಹಕ್ಕಿಗಳಿಗೆ ಬೆನ್ನು ಹಾಕಿ ಕೂತವನು

ಮುತ್ತತ್ತಿಯ ಕೆಳಗೆ ಕಾವೇರಿ ಎರಡಾಗಿ ಹರಿದು ಮತ್ತೆ ಕೂಡುವಲ್ಲಿ ಒಂದು ನಡುಗಡ್ಡೆ. ಬೆಳ್ಳಕ್ಕಿಗಳು ಅಲ್ಲಿ ಮರಿ ಮಾಡುತ್ತವೆ. ಸುತ್ತ ನೂರು ಮೀಟರು ಬಲೆ ಬೀಸುವಂತಿಲ್ಲ, ತೆಪ್ಪ ಬಿಡುವಂತಿಲ್ಲ ಎಂದು ಅರಣ್ಯ ಇಲಾಖೆಯ ಬೋರ್ಡು ಬಂದದ್ದು ಮೊನ್ನೆ ಮೊನ್ನೆ. ಮರಿಸಿದ್ದಯ್ಯನ ಕಾವಲು ಅದಕ್ಕಿಂತ ಹಳೆಯದು. ಮೀನು ಹಿಡಿದೇ ಬದುಕಿದ ಆಸಾಮಿ, ಆ ನೀರಿನ ಮೀನನ್ನು ಮಾತ್ರ ಮುಟ್ಟಿದವನಲ್ಲ. ಗಡ್ಡೆಯ ಹತ್ತಿರ ಹೋಗಲೇಬೇಕಾದರೆ ಗೂಡುಗಳಿಗೆ ಬೆನ್ನು ಹಾಕಿ ಕೂರುತ್ತಿದ್ದ. ದಿಟ್ಟಿಸಿದರೆ ತಾಯಿಹಕ್ಕಿ ಎದ್ದುಬಿಡುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಇಲಾಖೆಯವರು ಕಾವಲಿಗೆ ಅವನನ್ನೇ ಇಟ್ಟುಕೊಂಡರು.

ಅಂಥವನು ನಿಯಮ ಮುರಿದದ್ದು ಒಂದೇ ಸಲ, ಮದ್ದೂರಿನ ಶಶಿಧರ್ ಮೇಷ್ಟ್ರಿಗಾಗಿ. ಆರು ವರ್ಷದಿಂದ ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಿದ್ದವರು. ಅವನ ಹೆಂಡತಿ ಮಂಚಮ್ಮ ಬಡಿಸಿದ ಮುದ್ದೆ ಉಂಡು, ಅವಳನ್ನು ಬಾಯ್ತುಂಬ ಅಕ್ಕ ಎಂದವರು.

"ಒಂದೇ ಒಂದು ಫೋಟೋ, ಮರಿಸಿದ್ದಣ್ಣ. ಒಂದೆಲೆನೂ ಅಲುಗಾಡ್ಸಲ್ಲ."

ತೆಪ್ಪ ಬಂಡೆಗೆ ತಾಗಿತು. ಮೇಷ್ಟ್ರು ಇಳಿದರು. ಮರಿಸಿದ್ದಯ್ಯ ಎಂದಿನಂತೆ ಬೆನ್ನು ಹಾಕಿ, ಬೀಡಿಯನ್ನೂ ಹಚ್ಚದೆ ಕಾದ. ಹಿಂದೆ ಕಟಕ್ ಕಟಕ್ ಸದ್ದು. ಕ್ಯಾಮೆರಾದ್ದಿರಬೇಕು ಅಂದುಕೊಂಡ.

ನಾಲ್ಕನೇ ದಿನ ದಡದಿಂದ ನೋಡಿದರೆ ತುದಿಯ ಗೂಡಿನ ಮೇಲೆ ನೆರಳೇ ಇಲ್ಲ, ಮೂರು ಮರಿಗಳು ಕತ್ತು ಜೋತುಬಿಟ್ಟಿವೆ. ಗಾಳಿಗೆ ಕೊಂಬೆ ಮುರಿಯಿತೇನೋ ಎಂದು ಮರುಗಿದ. ಮೇಷ್ಟ್ರ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ತಿಂಗಳಾದ ಮೇಲೆ ಮೇಷ್ಟ್ರು, ಬಹುಮಾನ ಬಂದ ಫೋಟೋಗೆ ಫ್ರೇಮು ಹಾಕಿಸಿ ತಂದರು. ಮೂರು ಮರಿ, ಮೂರು ತೆರೆದ ಕೊಕ್ಕು, ಅಡ್ಡಕ್ಕೆ ಒಂದೆಲೆಯೂ ಇಲ್ಲ. ಮಂಚಮ್ಮ ಕೈ ಒರೆಸಿಕೊಂಡು ಬಂದು ನೋಡಿ ಹಿಗ್ಗಿದಳು. ಮರಿಸಿದ್ದಯ್ಯನ ಕಣ್ಣು ಚಿತ್ರದ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಕೊಂಬೆ, ಕತ್ತರಿಯಲ್ಲಿ ಕತ್ತರಿಸಿದ ಬಿಳಿ ತುದಿ. ಆ ಕಟಕ್ ಕಟಕ್ ಏನೆಂದು ಆಗ ತಿಳಿಯಿತು.

"ನೆಳ್ಳು ಕತ್ತರಿಸ್ಬುಟ್ರಲ್ಲ ಮೇಷ್ಟ್ರೇ. ಮೂರೂ ಸತ್ತೋದವು."

"ನಾಲ್ಕು ಕಡ್ಡಿ ಅಷ್ಟೇ, ಮರಿಸಿದ್ದಣ್ಣ. ಕೆಳಗೆ ನಿಮ್ಮ ಹೆಸರೂ ಹಾಕ್ಸಿದೀನಿ, ನೋಡಿ."

ಹಾಕಿಸಿದ್ದರು, ಪುಣ್ಯಾತ್ಮರು!

"ನಾನು ಬೆನ್ನಾಕಿ ಕುಂತಿದ್ದು ಆ ಮರಿಗೋಸ್ಕರ. ನೀವು ಕತ್ರಿ ಆಡ್ಸ್ಲಿ ಅಂತಲ್ಲ. ಎತ್ಕೊಂಡೋಗಿ ಇದ್ನ."

ಅಂದೇ ಇಲಾಖೆಯ ಕಚೇರಿಗೆ ಹೋಗಿ ಮೊದಲು ತನ್ನ ತಪ್ಪು ಹೇಳಿದ, ಆಮೇಲೆ ಮೇಷ್ಟ್ರದ್ದು. ಎಚ್ಚರಿಕೆ ಕೊಟ್ಟು ಅವನನ್ನು ಕೆಲಸದಲ್ಲಿ ಉಳಿಸಿಕೊಂಡರು.

ಈಗ ಹಕ್ಕಿ ಎಣಿಸಲು ಇಲಾಖೆಯವರನ್ನೇ ಕರೆದೊಯ್ದರೂ ಅವನು ಗಡ್ಡೆಯ ಕಡೆಗೆ ಮುಖ ಮಾಡಿಯೇ ಕೂರುತ್ತಾನೆ. ಇಳಿದವರ ಕೈಯಿಂದ ಕಣ್ಣು ತೆಗೆಯುವುದಿಲ್ಲ. ಅವನ ನೋಟಕ್ಕೆ ತಾಯಿಹಕ್ಕಿಗಳು ದಡಬಡ ಎದ್ದು ಹಾರುತ್ತವೆ. ಇದಕ್ಕೆ ಮೊದಲು ಅವು ಅವನಿಗೆ ಹೆದರಿದ್ದೇ ಇಲ್ಲ.