ಚೀಲ ಹಿಡಿಯದ ಗನ್‌ಮ್ಯಾನ್

ನಮ್ಮ ಕೋರ್ಟಿನಲ್ಲಿ ಗನ್‌ಮ್ಯಾನ್ ಅಂದರೆ ಸೊಂಟದಲ್ಲೊಂದು ಪಿಸ್ತೂಲು, ಕೈಯಲ್ಲಿ ಜಡ್ಜ್ ಮೇಡಂ ಅವರ ಊಟದ ಚೀಲ. ಹಿಂದಿದ್ದವರೆಲ್ಲ ಹಾಗೇ ನಡೆದುಕೊಂಡು ಬಂದವರು. ಕೊಲೆ ಕೇಸಿನ ವಿಚಾರಣೆ ಶುರುವಾಗಿ ಮೇಡಂಗೆ ಫೋನಿನಲ್ಲಿ ಬೆದರಿಕೆ ಬಂದ ಮೇಲೆ ಹೊಸಬನೊಬ್ಬನನ್ನು ಹಾಕಿದರು. ಅವನು ಮೊದಲ ದಿನವೇ ಕಾರಿನ ಬಾಗಿಲ ಹತ್ತಿರ ಕೈ ಹಿಂದಕ್ಕೆ ಎಳೆದುಕೊಂಡ.

"ಕ್ಷಮಿಸಿ ಮೇಡಂ, ಚೀಲ ಹಿಡಿಯಲ್ಲ" ಅಂದ.

ಮೇಡಂ ಮುಖ ಕೆಂಪಾಯಿತು. ಚೀಲವನ್ನು ನಾನೇ ಇಸಕೊಂಡೆ. ನಾನು ಅವರ ಟೈಪಿಸ್ಟ್, ಆ ಕೋರ್ಟಿನ ಧೂಳು ಕುಡಿದೇ ತಲೆ ನರೆತವಳು. ಮೈಯೆಲ್ಲ ಉರಿಯಿತು. ಸಂಜೆಯೊಳಗೆ ಅವನಿಗೆ 'ದೊರೆ' ಅಂತ ಹೆಸರು ಬಿತ್ತು. ಇಟ್ಟವಳೂ ನಾನೇ.

ದೊರೆಗೆ ಮಾತು ಕಡಿಮೆ. ಹೆಂಡತಿ ಫೋನ್ ಮಾಡಿದರೂ "ಹೂಂ", "ಊಹೂಂ" ಎರಡರಲ್ಲೇ ಸಂಸಾರ ಮುಗಿಸುತ್ತಿದ್ದ. ಬೆಳಿಗ್ಗೆ ಬಂದವನೇ ಹಿಂದಿನ ಖಾಲಿ ಕೋಣೆಗೆ ಹೋಗುತ್ತಿದ್ದ. ಮೊದಲು ಪಿಸ್ತೂಲಿನ ಹಿಡಿಯಿಂದ ಗುಂಡು ತುಂಬಿದ ಮ್ಯಾಗಜಿನ್ ಕಳಚುವುದು, ಆಮೇಲೆ ಮೇಲಿನ ಸ್ಲೈಡ್ ಹಿಂದಕ್ಕೆಳೆದು ನಳಿಗೆಯ ಬುಡಕ್ಕೆ ಕಿರುಬೆರಳಿಟ್ಟು ತಡವುವುದು. ಕಣ್ಣಿಗೆ ಕಂಡರೆ ಸಾಲದು, ಖಾಲಿ ಅಂತ ಬೆರಳಿಗೂ ಗೊತ್ತಾಗಬೇಕಂತೆ. ಸ್ಲೈಡ್ ಮುಚ್ಚಿ, ಮ್ಯಾಗಜಿನ್ ಸೇರಿಸಿ, ಸೊಂಟಕ್ಕಿಟ್ಟುಕೊಂಡು ಹೊರಗೆ ಬರುತ್ತಿದ್ದ.

ಒಂದು ದಿನ ಟೀ ಕೊಟ್ಟು ಕೇಳಿಯೇಬಿಟ್ಟೆ. "ಅಲ್ಲ ಕಣಪ್ಪ, ಒಂದು ಚೀಲ ಹಿಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಇದು ಹಳೇ ಪಿಸ್ತೂಲು ಅಕ್ಕ. ಗುಂಡು ಹಾರದಂಗೆ ತಡೆಯೋ ಸೇಫ್ಟಿ ಸಡಿಲ ಆಗಿದೆ, ಬಟ್ಟೆ ಉಜ್ಜಿದ್ರೂ ಜಾರುತ್ತೆ. ನಳಿಗೆಗೆ ಗುಂಡು ಏರಿಸಿಟ್ಟಿರುವಾಗ ಕೆಳಗೆ ಬಿದ್ರೆ ತಾನಾಗೇ ಹಾರಬಹುದು. ಅದಕ್ಕೇ ಗುಂಡೆಲ್ಲ ಮ್ಯಾಗಜಿನ್‌ನಲ್ಲಿ, ನಳಿಗೆ ಖಾಲಿ. ಹೊಡೀಬೇಕು ಅಂದ್ರೆ ಮೊದಲು ಸ್ಲೈಡ್ ಎಳೆದು ಗುಂಡು ಏರಿಸಬೇಕು. ಅದಕ್ಕೆ ಎಡಗೈ ಬೇಕಲ್ಲ."

ಅಷ್ಟುದ್ದ ಮಾತಾಡಿದ್ದಕ್ಕೆ ಅವನಿಗೇ ನಾಚಿಕೆಯಾದಂತಿತ್ತು. ಟೀ ಒಂದೇ ಗುಟುಕಿಗೆ ಮುಗಿಸಿ ಬಾಗಿಲಿಗೆ ಹೋಗಿ ನಿಂತ.

ತೀರ್ಪಿನ ಹಿಂದಿನ ದಿನ ಇನ್‌ಸ್ಪೆಕ್ಟರ್ ಬಂದರು. ಮೇಡಂ ಎದುರೇ ದೊರೆಯ ಮೇಲೆ ರೇಗಿದರು. "ನಾಳೆ ಏನು ಬೇಕಾದ್ರೂ ಆಗಬಹುದು ಕಣಯ್ಯ. ಗುಂಡು ಏರಿಸಿ ರೆಡಿ ಇಟ್ಕೋ. ಖಾಲಿ ನಳಿಗೆ ಇಟ್ಕೊಂಡು ಯಾರನ್ನ ಕಾಯ್ತೀಯ?"

"ಬೇರೆ ಪಿಸ್ತೂಲು ಕೊಡಿ ಸಾರ್, ಏರಿಸಿಟ್ಕೋತೀನಿ. ಇದರಲ್ಲಿ ಬೇಡ. ಮೆಟ್ಟಿಲ ಮೇಲೆ ಜನ ಇರ್ತಾರೆ."

"ನಾಳೆಯೊಳಗೆ ಎಲ್ಲಿಂದ ತರ್ಲಿ?" ಅವರು ಹೇಳಿದ್ದೂ ಸುಳ್ಳಲ್ಲ.

ಮೇಡಂ ಕನ್ನಡಕ ತೆಗೆದರು. "ಸ್ಲೈಡ್ ಎಳೆಯೋಕೆ ಎಷ್ಟು ಹೊತ್ತು ಬೇಕು?"

"ಒಂದು ಸೆಕೆಂಡು ಮೇಡಂ. ಗಾಬರಿಯಲ್ಲಿ ಇನ್ನೂ ಸ್ವಲ್ಪ."

"ಆ ಸೆಕೆಂಡಿನಲ್ಲಿ ಹೋಗೋದು ನನ್ನ ಜೀವ ಅಲ್ವಾ?"

"ಹೌದು. ಅದಕ್ಕೇ ಅಷ್ಟು ಹೊತ್ತು ನಾನು ನಿಮ್ಮ ಮುಂದೆ ನಿಂತಿರ್ತೀನಿ."

ಕನ್ನಡಕ ಮತ್ತೆ ಏರಿಸಿ ಮೇಡಂ, "ಹಾಗೇ ಇರಲಿ ಬಿಡಿ" ಅಂದರು.

ಮರುದಿನ ತೀರ್ಪು ಬಂತು, ಅಪರಾಧಿಗೆ ಜೀವಾವಧಿ. ಹಿಂದಿನ ರಸ್ತೆ ಅಗೆದಿದ್ದರಿಂದ ಕಾರು ಮುಂಬಾಗಿಲಿಗೇ ಬರಬೇಕಿತ್ತು. ಮೆಟ್ಟಿಲ ತುಂಬ ಜನ. ಫೈಲು ಹೊತ್ತು ನಾನು ಮುಂದೆ ಇಳಿದೆ. ಮೇಲೆ ಮೇಡಂ, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ದೊರೆ. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರ ಕೈಗಳನ್ನೇ ನೋಡುತ್ತಿದ್ದ.

ಕಂಬದ ಮರೆಯಿಂದ ಅಪರಾಧಿಯ ತಮ್ಮ ನುಗ್ಗಿದ. ವಿಚಾರಣೆಯ ಉದ್ದಕ್ಕೂ ಹಿಂದಿನ ಬೆಂಚಿನಲ್ಲಿ ತೆಪ್ಪಗೆ ಕೂತಿದ್ದವನು. ಮಡಿಸಿದ ಪೇಪರಿನೊಳಗಿಂದ ಚಾಕು ಬಂತು. ದೊರೆ ಅಡ್ಡ ಬಂದ. ಬಲಗೈಗೆ ಪಿಸ್ತೂಲು ಬಂತು, ಎಡಗೈ ಸ್ಲೈಡಿಗೆ ಹೋಯಿತು, ಎಳೆಯುವ ಮೊದಲೇ ಚಾಕು ಆ ಮಣಿಕಟ್ಟಿನ ಮೇಲೇ ಬಿತ್ತು.

ಪಿಸ್ತೂಲು ಕೈಜಾರಿ ಕಲ್ಲಿನ ಮೆಟ್ಟಿಲುಗಳಿಗೆ ಬಡಿದುಕೊಳ್ಳುತ್ತಾ ಉರುಳಿತು. ನನಗಿಂತ ಎರಡು ಮೆಟ್ಟಿಲು ಮೇಲೆ ಬಂದು ನಿಂತಿತು, ಬಾಯಿ ನೇರ ನನ್ನ ಕಡೆ. ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ.

"ಅದನ್ನ ಯಾರೂ ಮುಟ್ಟಬೇಡಿ!" ಅಂತ ದೊರೆ ಕಿರುಚಿದ್ದು ಕೇಳಿಸಿತು. ಕಣ್ಣು ಬಿಟ್ಟರೆ, ರಕ್ತ ಸುರಿಯುತ್ತಿದ್ದರೂ ಅವನು ಆ ಹುಡುಗನನ್ನು ಮೈಭಾರದಿಂದಲೇ ಕೆಳಗೆ ಒತ್ತಿಹಿಡಿದಿದ್ದ. ಪೊಲೀಸರು ಓಡಿಬಂದರು. ಮೇಡಂಗೆ ಒಂದು ಗೀರೂ ಬಿದ್ದಿರಲಿಲ್ಲ.

ಅವನ ಎಡಗೈ ಬೆರಳುಗಳು ಇನ್ನು ಮಡಚುವುದಿಲ್ಲ ಅಂದರು ಡಾಕ್ಟರು. ಆಯುಧದ ಡ್ಯೂಟಿ ಅಲ್ಲಿಗೆ ಮುಗಿಯಿತು. ಆಸ್ಪತ್ರೆಗೆ ಹೋದಾಗ ಹೆಂಡತಿ ಮಂಚದ ಪಕ್ಕ ಮುಖ ಮುಚ್ಚಿಕೊಂಡು ಕೂತಿದ್ದಳು. ಅದನ್ನು ನೋಡಿ ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು.

"ಏರಿಸಿಟ್ಟಿದ್ರೆ ಒಂದೇ ಕೈಯಲ್ಲಿ ಹೊಡೀಬಹುದಿತ್ತಲ್ಲೋ! ಕೈ ಉಳೀತಿತ್ತು!"

"ಉಳೀತಿತ್ತೇನೋ" ಅಂದ. ಆಮೇಲೆ ಕೇಳಿದ, "ಪಿಸ್ತೂಲು ಬಿದ್ದಾಗ ನೀವು ಎಲ್ಲಿದ್ರಿ ಅಕ್ಕ?"

"ಅದರ ಬಾಯೆದುರಿಗೇ" ಅಂದೆ. ಹೆಂಡತಿ ಮುಖದಿಂದ ಕೈ ತೆಗೆದು ನನ್ನನ್ನು ನೋಡಿದಳು. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.