ಅಜ್ಜನ ಟೇಪು ಅಳೆದ ದೇಶ

ನಮ್ಮ ಬೀದಿಯ ದರ್ಜಿಯ ಬಳಿ ಮೂರು ತಲೆಮಾರಿನ ಅಳತೆ ಪುಸ್ತಕಗಳಿದ್ದವು. ಅಜ್ಜನ ಬಟ್ಟೆ ಟೇಪೂ ಇತ್ತು. ದಿನಾ ಬೆಳಿಗ್ಗೆ ದೇವರನ್ನು ನೆನೆದು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಹೊಸದು ಕೊಳ್ಳಪ್ಪಾ ಎಂದರೆ, ಅಜ್ಜನನ್ನೇ ಮಾರು ಎಂದಂತೆ ಮುಖ ಮಾಡುತ್ತಿದ್ದ.

ಅವನ ಹೆಂಡತಿ ಪಕ್ಕದ ದೇಶದವಳು. ಅವಳ ತವರಿನವರೂ ದರ್ಜಿಗಳೇ. ಅವಳ ತಮ್ಮ ಬಂದಾಗಲೆಲ್ಲ ತನ್ನ ದೇಶದ ರಸ್ತೆ, ಆಸ್ಪತ್ರೆ, ನಲ್ಲಿ ನೀರನ್ನು ಹೊಗಳಿ, ಅಂಗಡಿ ಮುಚ್ಚಿ ನನ್ನ ಜೊತೆ ಬನ್ನಿ ಎಂದು ಪೀಡಿಸುತ್ತಿದ್ದ. ಒಮ್ಮೆ ದರ್ಜಿಗೆ ರೇಗಿತು. ಬಾಯಿಮಾತು ಬೇಡ, ಪುಸ್ತಕವೇ ಹೇಳಲಿ ಎಂದ. ಹೊಟ್ಟೆ ತುಂಬ ಉಂಡ ಮಕ್ಕಳು ಉದ್ದ ಬೆಳೆಯುತ್ತಾರೆ; ಅಜ್ಜಂದಿರ ಕಾಲದಿಂದ ಯಾರ ದೇಶದ ಪ್ಯಾಂಟು ಹೆಚ್ಚು ಉದ್ದವಾಗಿದೆಯೋ ಅದೇ ಮೇಲು. ಸೋತರೆ ತಾನು ಬೋರ್ಡು ಇಳಿಸಿ ಹೊರಡುವುದು, ಇಲ್ಲವಾದರೆ ಬಾವಮೈದ ಬಾಯಿ ಹೊಲಿದುಕೊಳ್ಳುವುದು.

ಮುಂದಿನ ಸಲ ಬಾವಮೈದ ತನ್ನ ಮನೆಯ ಪುಸ್ತಕಗಳನ್ನು ಹೊತ್ತು ತಂದ. ನೂರು ನೂರು ಗಿರಾಕಿಗಳ ಸರಾಸರಿ ತೆಗೆದರು. ಅಜ್ಜಂದಿರ ಕಾಲದಲ್ಲಿ ಎರಡೂ ಕಡೆ ಮೂವತ್ತೆಂಟು ಇಂಚು. ಈಗ ಅಲ್ಲಿ ಮೂವತ್ತೊಂಬತ್ತೂವರೆ, ಇಲ್ಲಿ ಬರೀ ಮೂವತ್ತೆಂಟೂವರೆ.

“ಬಾವ, ಏಣಿ ತರ್ಲಾ?” ಎಂದ ಬಾವಮೈದ.

ಬಟ್ಟೆ ಕತ್ತರಿಸುವ ಮೇಜನ್ನೂ ಸಾಗಿಸಬೇಕಲ್ಲ ಎಂದು ಹೆಂಡತಿ ತಮ್ಮನ ಟೇಪಿನಿಂದ ಅದನ್ನು ಅಳೆದಳು. ಎಂಬತ್ತೆರಡು ಇಂಚು. ಗಂಡ ಯಾವಾಗಲೂ ಎಂಬತ್ತು ಎನ್ನುತ್ತಿದ್ದ. ಎರಡೂ ಟೇಪುಗಳನ್ನು ಪಕ್ಕಪಕ್ಕ ಹಾಸಿದಳು. ಅಜ್ಜನ ನಲವತ್ತು ತಮ್ಮನ ನಲವತ್ತೊಂದನ್ನು ಮುಟ್ಟಿತು. ಎಳೆದೂ ಎಳೆದೂ ಟೇಪು ಹಿಗ್ಗಿತ್ತು. ಅಳೆಯುವುದೂ ಕತ್ತರಿಸುವುದೂ ಅದರಲ್ಲೇ ಆದ್ದರಿಂದ ಯಾರ ಬಟ್ಟೆಯೂ ಕೆಟ್ಟಿರಲಿಲ್ಲ.

“ರೀ, ನಮ್ಮ ಜನ ಬೆಳೆದಿದಾರೆ,” ಎಂದಳು. “ಜೊತೆಗೆ ನಿಮ್ಮಜ್ಜನ ಟೇಪೂ ಬೆಳೆದಿದೆ.”

ನಲವತ್ತಕ್ಕೆ ಒಂದಿಂಚಿನಂತೆ ಸೇರಿಸಿ ಲೆಕ್ಕ ತಿದ್ದಿದರೆ ಎರಡೂ ದೇಶ ಸಮ, ನಮ್ಮದು ಕೂದಲೆಳೆಯಷ್ಟು ಕಡಿಮೆ. ಬಾವಮೈದ ಆ ಕೂದಲೆಳೆಯನ್ನೇ ಹಿಡಿದು ಜಗ್ಗಲು ನೋಡಿದ. ಅಕ್ಕ ಕಣ್ಣು ಕೆಕ್ಕರಿಸಿದಳು. ಬೋರ್ಡು ಉಳಿಯಿತು. ನಲ್ಲಿ ನೀರು ಮಾತ್ರ ಅಲ್ಲಿಯದೇ ಚೆನ್ನ ಎಂದು ದರ್ಜಿಯೂ ಒಪ್ಪಿಕೊಂಡ.

ಮರುದಿನ ಹೊಸ ಟೇಪು ಬಂತು. ಅಜ್ಜನದನ್ನು ಬಿಡಲಾರದೆ ಎರಡನ್ನೂ ಕೊರಳಿಗೆ ಹಾಕಿಕೊಂಡ. ಐವತ್ತು ದಾಟಿದ ನಮ್ಮ ಯಜಮಾನರ ಪ್ಯಾಂಟಿಗೆ ಹೊಸದರಿಂದ ಅಳತೆ ತೆಗೆದು, ಅಭ್ಯಾಸಬಲದಿಂದ ಹಳೆಯದರಿಂದ ಕತ್ತರಿಸಿದ. ಪ್ಯಾಂಟು ನೆಲ ಗುಡಿಸುತ್ತಿತ್ತು. ಸರಿಮಾಡಿಕೊಡಪ್ಪಾ ಎಂದು ಒಯ್ದುಕೊಟ್ಟೆ.

ಅವನು ಅದನ್ನು ಎತ್ತಿ ಹಿಡಿದು ನೋಡಿದ.

“ಹಾಗೇ ಇರ್ಲಿ ಬಿಡಿ ಅಕ್ಕಾ,” ಎಂದ ಗಂಭೀರವಾಗಿ. “ದೇವರ ದಯೆ, ದೇಶ ಇನ್ನೂ ಬೆಳೀತಿದೆ.”